ಗುರುಬಸಪ್ಪ ಪಿಶಾಚಿಯಾದ ಮಧ್ಯಾಹ್ನ

ಗುರುಬಸಪ್ಪನಿಗೆ ಸಿಟ್ಟು ಬರುವುದಕ್ಕೆ ಕಾರಣ ಬೇಕೆಂದೇನೂ ಇರಲಿಲ್ಲ. ಆದರೆ ಆ ಭಾನುವಾರ ಕಾರಣವೂ ಇತ್ತು. ಸ್ಯಾನ್ ಡಿಯಾಗೋದ ಅಂಚಿನಲ್ಲಿ, ಗುಡ್ಡದ ಮೇಲಿರುವ ಸ್ಮಶಾನದ ಸಮಿತಿಯವರು ಅವನ ಅರ್ಜಿಯನ್ನು ಮತ್ತೆ ಮುಂದಕ್ಕೆ ಹಾಕಿದ್ದರು. ಬುಧವಾರ ಬನ್ನಿ, ಆವತ್ತು ಹೌದೋ ಅಲ್ಲವೋ ಹೇಳಿಬಿಡುತ್ತೇವೆ ಎಂದಿದ್ದರು.

ಅವನು ಕೇಳಿದ್ದು ಆಕಾಶವನ್ನಲ್ಲ, ಒಂದಿಷ್ಟು ನೆಲವನ್ನು. ಲಿಂಗಾಯತರು ಸತ್ತವರನ್ನು ಸುಡುವುದಿಲ್ಲ. ಪದ್ಮಾಸನದಲ್ಲಿ ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಅಮೆರಿಕದಲ್ಲಿ ಮಣ್ಣಿಗೇನೂ ಬರವಿಲ್ಲ, ಆದರೆ ಅಲ್ಲಿ ಸತ್ತವರೆಲ್ಲ ಪೆಟ್ಟಿಗೆಯೊಳಗೆ ಉದ್ದಕ್ಕೆ ಮಲಗಬೇಕು. ನಾನು ಕೂರುತ್ತೇನೆ ಎನ್ನುವವರಿಗೆ ಆ ದೇಶದಲ್ಲಿ ವ್ಯವಸ್ಥೆಯಿಲ್ಲ. ಆ ವ್ಯವಸ್ಥೆ ಮಾಡಿಸುವುದಕ್ಕಾಗಿ ಸುತ್ತಲಿನ ಊರುಗಳ ಕನ್ನಡ ಬಳಗದ ಲಿಂಗಾಯತ ಮನೆಗಳ ಪರವಾಗಿ ಗುರುಬಸಪ್ಪ ಓಡಾಡುತ್ತಿದ್ದ. ಸ್ಯಾನ್ ಡಿಯಾಗೋದ ಕರ್ನಿ ಮೆಸಾ ಬಡಾವಣೆಯ ಒಂದು ಕಂಪನಿಯಲ್ಲಿ ಬಿಡಿಭಾಗಗಳ ಗುಣಮಟ್ಟ ನೋಡುವುದು ಅವನ ಕೆಲಸ. ಹಗಲೆಲ್ಲ ಬೇರೆಯವರ ತಪ್ಪು ಹುಡುಕಿ ಹುಡುಕಿ, ಸಂಜೆಯ ಹೊತ್ತಿಗೆ ಲೋಕದಲ್ಲಿ ಸರಿಯಾಗಿರುವುದು ಯಾವುದೂ ಇಲ್ಲ ಎಂಬ ತೀರ್ಮಾನಕ್ಕೆ ಬಂದು ಮನೆಗೆ ಹೋಗುವವನು.

ಮನೆಯಲ್ಲಿ ಅವನದಕ್ಕಿಂತ ದೊಡ್ಡ ಸಿಟ್ಟು ಕಾದಿರುತ್ತಿತ್ತು. ಅದು ಮುಧೋಳದಿಂದ ಬಂದು ಮಗನ ಜೊತೆಗಿದ್ದ ಅವನ ತಾಯಿ ಶಿವಬಸವ್ವನದು.

"ಲೇ ಬಸ್ಯಾ, ಜಾಗ ಸಿಕ್ತೇನು?"

"ಬುಧವಾರ ಹೇಳ್ತಾರಂತ, ಅವ್ವ."

"ನಾ ಮಂಗಳವಾರ ಸತ್ರ? ಪೆಟ್ಟಿಗ್ಯಾಗ ಹಾಕಿ ಅಡ್ಡ ಕೆಡವ್ತೀಯೇನು? ಇಲ್ಲಾ ಸುಡ್ತೀಯಾ? ನಾ ಏನ್ ಬದನಿಕಾಯೇನಲೇ ಸುಡಾಕ? ಅಲ್ಲಿ ಊರಾಗ ಮಣ್ಣಾಗ ನಿಮ್ಮಪ್ಪ ಕುಂತಾನ. ನಾನೂ ಕುಂದರ್ತೀನಿ."

ಗುರುಬಸಪ್ಪ ಭಾನುವಾರ ಬೆಳಿಗ್ಗೆ ಕರಿ ಸೂಟು ಹಾಕಿಕೊಂಡು, ಹಣೆಗೆ ಧಾರಾಳವಾಗಿ ವಿಭೂತಿ ಬಳಿದುಕೊಂಡು ಲಾಸ್ ಏಂಜಲಿಸ್‌ಗೆ ಹೊರಟ. ಅಲ್ಲಿ ತುಮಕೂರಿನ ಕಡೆಯ ಗೆಳೆಯ ಓಂಪ್ರಕಾಶನ ಮೊಮ್ಮಗುವಿನ ನಾಮಕರಣ. ಹೆಂಡತಿ ಗೌರಿ, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಬೇಕೆಂದು ಮನೆಯಲ್ಲೇ ಉಳಿದಳು. ಹೀಗಾಗಿ ಮುಂದೆ ನಡೆದದ್ದನ್ನು ತಡೆಯಬಲ್ಲವರು ಯಾರೂ ಅಲ್ಲಿರಲಿಲ್ಲ.

ಹೋಳಿಗೆ ಊಟವಾಯಿತು. ನಾಲ್ಕು ಜನ ಸೇರಿದ ಕಡೆ ಸನ್ಮಾನ ಮಾಡದಿದ್ದರೆ ಓಂಪ್ರಕಾಶನಿಗೆ ಊಟ ಅರಗುವುದಿಲ್ಲ. "ನಮ್ಮ ಹಿರಿಯರ ಕೊನೇ ಜಾಗಕ್ಕಾಗಿ ಹೋರಾಡ್ತಿರೋ ಗುರುಬಸಪ್ಪನವ್ರು" ಎಂದು ಎದ್ದು ನಿಂತು, ಕಡುಗೆಂಪು ಬಣ್ಣದ ಉದ್ದನೆಯ ಶಾಲೊಂದನ್ನು ಅವನ ಕರಿ ಸೂಟಿನ ಮೇಲೆ ಹೊದಿಸಿಬಿಟ್ಟ. ಹೊದಿಸಿದ ಶಾಲನ್ನು ಕೂಡಲೇ ತೆಗೆಯುವುದು ಹೊದಿಸಿದವರಿಗೆ ಅವಮಾನ. ಗುರುಬಸಪ್ಪ ತೆಗೆಯಲಿಲ್ಲ. ತೆಗೆಯುವ ಮನಸ್ಸೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಆಮೇಲೆ ತಾಂಬೂಲದ ತಟ್ಟೆ ಬಂತು. ಇಲ್ಲೇ ಗುರುಬಸಪ್ಪ ಒಂದು ಸಣ್ಣ ಜಂಬ ಕೊಚ್ಚಿಕೊಂಡ.

"ಸುಣ್ಣ ಕಡಿಮೆ ಹಾಕ್ಕೊಳ್ಳಿ ಸಾರ್," ಎಂದ ಓಂಪ್ರಕಾಶ. "ಇಲ್ಲಿ ರೋಡಲ್ಲಿ ಉಗಿಯೋ ಹಾಗಿಲ್ಲ."

"ಉಗಳಾಕ ತಾಂಬೂಲ ಯಾಕ ಹಾಕ್ಕೋಬೇಕ್ರಿ? ನಮ್ಮ ಕಡೆ ಎಲಿ ಹಾಕ್ಕೊಂಡು ಊರಿಂದ ಊರಿಗೆ ಹೋಗ್ತಾರ, ಒಂದು ಹನಿ ಹೊರಗ ಬೀಳಂಗಿಲ್ಲ. ತರ್ರಿ ಇಲ್ಲೆ." ಹೀಗೆಂದು ಎರಡು ಎಲೆಯ ಜಾಗದಲ್ಲಿ ನಾಲ್ಕು ಎಲೆ, ಕೈತುಂಬ ಅಡಿಕೆ, ಕಾಚು, ಸುಣ್ಣ ಎಲ್ಲ ಸೇರಿಸಿ ದವಡೆಗೆ ತಳ್ಳಿಕೊಂಡು, ದೂರದಲ್ಲಿ ನಿಲ್ಲಿಸಿದ್ದ ಕಾರಿನ ಕಡೆ ನಡೆದ.

ತಾಂಬೂಲ ಹಾಕಿಕೊಂಡವರಿಗೆ ಗೊತ್ತು, ಬಾಯಿ ತುಂಬಿದ ಮನುಷ್ಯ ಬೇರೆಯೇ ಮನುಷ್ಯ. ಅವನು ಮಾತಾಡುವಂತಿಲ್ಲ, ನಗುವಂತಿಲ್ಲ. ರಸ ಚೆಲ್ಲದಂತೆ ಗದ್ದ ಮೇಲೆತ್ತಿ, ಕಣ್ಣನ್ನು ಅರ್ಧ ಮುಚ್ಚಿ, ಎದುರಿಗಿದ್ದವರನ್ನು ಮೂಗಿನ ತುದಿಯಿಂದ ನೋಡಬೇಕು. ಯಾರು ಏನೇ ಕೇಳಿದರೂ ಉತ್ತರ ಒಂದೇ: "ಹ್ಞೂಂ." ಗುರುಬಸಪ್ಪ ಹೀಗೆ ಗದ್ದವೆತ್ತಿ, ಕೆಂಪು ಶಾಲು ಬೀಸಿಕೊಂಡು, ಬಿಸಿಲಿಗೆ ಬೆವತು ವಿಭೂತಿಯೆಲ್ಲ ಮುಖದ ತುಂಬ ಇಳಿದು ಬೆಳ್ಳಗಾಗಿ, ತುಟಿ ಮಾತ್ರ ಕೆಂಪಾಗಿ ನಡೆದು ಬಂದಾಗ, ಹಳೆಯ ಥಿಯೇಟರೊಂದರ ಮುಂದೆ ಪ್ರವಾಸಿಗರ ಗುಂಪೊಂದು ನಿಂತಿತ್ತು.

ಅದು ರಕ್ತಪಿಶಾಚಿ ಟೂರು. ಗೋರಿಯಿಂದೆದ್ದು ಕುತ್ತಿಗೆ ಕಚ್ಚಿ ರಕ್ತ ಹೀರುವ, ಬಿಸಿಲು ಕಂಡರೆ ಆಗದ ವ್ಯಾಂಪೈರ್‌ಗಳ ಕಥೆ ಹೇಳುತ್ತ ಊರು ತೋರಿಸುವ ವ್ಯಾಪಾರ. ಝಾಲರಿಯ ಬಿಳಿ ಅಂಗಿ, ಕರಿ ಟೋಪಿ ಹಾಕಿದ ಗೈಡ್ ಒಬ್ಬ ದೊಡ್ಡ ದನಿಯಲ್ಲಿ ಹೇಳುತ್ತಿದ್ದ. ರೊಮೇನಿಯಾದ ಕಡೆ ವೈರಿಗಳನ್ನು ಶೂಲಕ್ಕೇರಿಸುತ್ತಿದ್ದ ರಾಜನ ಕಥೆ ಮುಗಿದು, ಸರ್ಬಿಯಾದ ಹಳ್ಳಿಗಳ ಕಥೆ ಶುರುವಾಗಿತ್ತು. ಮುನ್ನೂರು ವರ್ಷದ ಹಿಂದೆ ಅಲ್ಲಿ ಸಾಲಾಗಿ ಜನ ಸತ್ತರಂತೆ. ಮೊದಲು ಸತ್ತವನ ಮೇಲೆ ಅನುಮಾನ ಬಂದು ಗೋರಿ ಅಗೆದರಂತೆ. ಸರ್ಕಾರದ ಅಧಿಕಾರಿಗಳೂ ನಿಂತು ನೋಡಿದರಂತೆ. ಹೆಣ ಕೊಳೆತಿರಲಿಲ್ಲ, ಮೈ ತುಂಬಿಕೊಂಡಿತ್ತು, ಬಾಯಲ್ಲಿ ಹಸಿ ರಕ್ತ! ಎದೆಗೆ ಗೂಟ ಬಡಿದರಂತೆ.

"ಹೂಳಿದ್ದೇ ತಪ್ಪು ನೋಡಿ," ಎಂದ ಗೈಡ್. "ಹೂಳಿದವರು ಏಳುತ್ತಾರೆ!"

ಗುರುಬಸಪ್ಪನಿಗೆ ನೆತ್ತಿಗೇರಿತು. ಸಮಿತಿಯ ಮುಂದೆ ವಾದಿಸುವುದಕ್ಕೆಂದು ಮಣ್ಣಿನೊಳಗೆ ದೇಹಕ್ಕೆ ಏನೇನಾಗುತ್ತದೆ ಎಂಬುದನ್ನು ಅವನು ತಿಂಗಳುಗಟ್ಟಲೆ ಓದಿದ್ದ. ಹೆಣ ಉಬ್ಬುವುದು, ಬಾಯಿಂದ ಕೆಂಪು ನೀರು ಬರುವುದು, ಎಲ್ಲ ಸಹಜ. ಪಾಪದ ಹಳ್ಳಿಗ, ತನ್ನ ಪಾಡಿಗೆ ತಾನು ಸತ್ತಿದ್ದವನು. ಅವನ ಮೇಲೆ ಇಂಥ ಅಪವಾದ! ಗುರುಬಸಪ್ಪ ಗುಂಪಿನೊಳಗೆ ನುಗ್ಗಿ, ಬೆರಳೆತ್ತಿ, ತನ್ನ ಆಕ್ಷೇಪಣೆಯನ್ನು ಮಂಡಿಸಿದ.

"ಹ್ಞೂಂ! ಹ್ಞೂಂಹ್ಞೂಂ!"

ಗೈಡ್ ತಿರುಗಿ ನೋಡಿದ. ಆ ಜಾಗದಲ್ಲಿ ಪಿಶಾಚಿಯ ವೇಷದಲ್ಲಿ ಬಂದು ಜನರನ್ನು ಹೆದರಿಸಬೇಕಿದ್ದ ನಟ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದ. ಗೈಡ್‌ನ ಮುಖ ಅರಳಿತು. ಕಂಪನಿಯವರು ಬೇರೆಯವನನ್ನು ಕಳಿಸಿದ್ದಾರೆ!

"ಮಹನೀಯರೇ, ಸ್ವತಃ ಪಿಶಾಚಿ ದೊರೆಗಳೇ ಬಂದರು! ದೊರೆಯೇ, ತಮಗೀಗ ವಯಸ್ಸೆಷ್ಟು?"

ಗುರುಬಸಪ್ಪ, ಐದು ನಿಮಿಷ ತಾಳು, ಉಗುಳಿ ಬರುತ್ತೇನೆ ಎಂಬರ್ಥದಲ್ಲಿ ಐದು ಬೆರಳು ತೋರಿಸಿದ.

"ಐನೂರು ವರ್ಷ!" ಗುಂಪು ಉಸಿರೆಳೆದುಕೊಂಡಿತು. "ಕಡೆಯ ಭೋಜನ ಎಲ್ಲಾಯಿತು ದೊರೆಯೇ?"

ಅದೇ ಹೊತ್ತಿಗೆ, ಹೊರಟ ಅತಿಥಿ ಕಾರಿನ ಕೀ ಬಿಟ್ಟುಹೋಗಿದ್ದಾನೆಂದು ಓಂಪ್ರಕಾಶ ಏದುಸಿರು ಬಿಡುತ್ತ ಓಡಿ ಬಂದ. ಪ್ರಾಮಾಣಿಕನಾದ ಗುರುಬಸಪ್ಪ, ಊಟ ಹಾಕಿದವನು ಇವನೇ ಎಂದು ಅವನ ಕಡೆ ಕೈ ತೋರಿಸಿದ. ಹೆಂಗಸೊಬ್ಬಳು ಚೀರಿದಳು. ಗೈಡ್ ಬಂದು ಓಂಪ್ರಕಾಶನ ಕಾಲರ್ ಸರಿಸಿ ಕುತ್ತಿಗೆ ನೋಡಿದ.

"ಏನ್ ಸಾರ್ ಇದು, ಯಾರ್ ಸಾರ್ ಇವ್ರು? ನನ್ ಕತ್ತು ಯಾಕ್ ನೋಡ್ತಾವ್ರೆ?"

ಗುರುಬಸಪ್ಪನ ತಾಳ್ಮೆ ಮುಗಿಯಿತು. ತಾಳ್ಮೆಯೆಂಬುದು ಅವನಲ್ಲಿ ಮೊದಲಿಗೇ ಹೆಚ್ಚಿರಲಿಲ್ಲ. ಹಿಂದುಮುಂದು ಮರೆತು, ಬಾಯಿ ತೆರೆದು, "ಸುಳ್ಳು!" ಎಂದು ಗರ್ಜಿಸಿದ.

ಎರಡೇ ಅಕ್ಷರ. ಅದರ ಜೊತೆಗೆ ನಾಲ್ಕು ಎಲೆಯ ರಸ ಗೈಡ್‌ನ ಬಿಳಿ ಅಂಗಿಯ ಮೇಲೆ, ಝಾಲರಿಯ ಮೇಲೆ, ಮುಂದಿನ ಸಾಲಿನ ದಂಪತಿಗಳ ಮೇಲೆ, ಗುರುಬಸಪ್ಪನ ಗದ್ದದ ಮೇಲೆ ಇಳಿಯಿತು. ಆಮೇಲೆ ಇಡೀ ಬೀದಿ ಚಪ್ಪಾಳೆ ತಟ್ಟಿತು. ಆಗ ತಾನೇ ಓಡಿ ಬಂದ ಅಸಲಿ ನಟ, ಪ್ಲಾಸ್ಟಿಕ್ ಹಲ್ಲು ಸರಿಮಾಡಿಕೊಳ್ಳುತ್ತ ನಿಂತವನು, ಇವನನ್ನು ನೋಡಿ ಹಲ್ಲು ತೆಗೆದು ಜೇಬಿಗಿಟ್ಟುಕೊಂಡ.

ಮಾರನೆಯ ದಿನ ಬೆಳಿಗ್ಗೆ ಗೌರಿ, ಟೂರಿನವರು ಇಂಟರ್ನೆಟ್ಟಿಗೆ ಹಾಕಿದ್ದ ವಿಡಿಯೋ ತೆರೆದು ಫೋನ್ ಹಿಡಿದುಕೊಂಡು ಬಂದಳು. "ರೀ, ಇದು ನೀವೇ ಏನು? ಲಕ್ಷಗಟ್ಲೆ ಮಂದಿ ನೋಡ್ಯಾರ."

"ಅಪ್ಪಾ, ಯು ಆರ್ ಟ್ರೆಂಡಿಂಗ್," ಎಂದಳು ಯೂನಿವರ್ಸಿಟಿಗೆ ಹೋಗುವ ಮಗಳು ಶ್ರೇಯಾ. "ಇಟ್ಸ್ ಸೋ ಗುಡ್."

ಶಿವಬಸವ್ವ ವಿಡಿಯೋವನ್ನು ಕಣ್ಣ ಹತ್ತಿರ ಹಿಡಿದು ಎರಡು ಸಲ ನೋಡಿದಳು. "ಕಾಚು ಜಾಸ್ತಿ ಆಗೇತಿ," ಎಂದಳು. "ಮಂದಿ ಮೈಮ್ಯಾಲೆ ಉಗಳಾಕ ಕಲಿಸೀನೇನಲೇ ನಿನಗ? ಇಂಥಾವನ ಮಾತು ಕೇಳಿ ಅವ್ರು ನನಗ ಜಾಗ ಕೊಡ್ತಾರ?"

ಗುರುಬಸಪ್ಪ ಚೀಲ ಎತ್ತಿಕೊಂಡು ಆಫೀಸಿಗೆ ಹೊರಟ. ಮನೆಯಿಂದ ಹೊರಬಿದ್ದರೆ ನಾಯಿ ಹಿಡಿದು ನಿಂತ ಪಕ್ಕದ ಮನೆಯ ಮುದುಕ, "ಹಗಲು ಹೊತ್ತು ಓಡಾಡಲು ನಿಮಗೆ ತೊಂದರೆಯಿಲ್ಲವೇ?" ಎಂದು ಅತ್ಯಂತ ಸೌಜನ್ಯದಿಂದ ವಿಚಾರಿಸಿದ. ಆಫೀಸಿನ ಲಿಫ್ಟಿನಲ್ಲಿ ಮ್ಯಾನೇಜರ್ ಒಂದು ಕೈಯಿಂದ ಕುತ್ತಿಗೆ ಮುಚ್ಚಿಕೊಂಡೇ ಗುಡ್ ಮಾರ್ನಿಂಗ್ ಹೇಳಿದ. ಗುರುಬಸಪ್ಪ ಆ ದಿನ ಪರೀಕ್ಷೆಗೆ ಬಂದ ಒಂದು ಬಿಡಿಭಾಗವನ್ನೂ ಪಾಸು ಮಾಡಲಿಲ್ಲ.

ಮಧ್ಯಾಹ್ನ ಟೂರಿನ ಕಂಪನಿಗೆ ಫೋನ್ ಹಚ್ಚಿ, ವಿಡಿಯೋ ತೆಗೆದುಹಾಕಿ, ಕ್ಷಮೆ ಕೇಳಿ, ಸತ್ತವರ ಹೆಸರು ಕೆಡಿಸುವುದು ಬಿಡಿ ಎಂದು ಕೂಗಾಡಿದ. ಆ ಕಡೆಯಿಂದ ಗೈಡ್ ಉಸಿರು ಬಿಗಿಹಿಡಿದು ಕೇಳಿಸಿಕೊಂಡ.

"ಇದೇ! ಇದೇ ಸಿಟ್ಟು! ಸ್ವಲ್ಪವೂ ಬದಲಾಯಿಸಬೇಡಿ. ಶನಿವಾರದಿಂದ ಬರುತ್ತೀರಾ?"

ಇಷ್ಟಕ್ಕೇ ನಿಂತಿದ್ದರೆ ಲೋಕ ಮರೆತುಬಿಡುತ್ತಿತ್ತೇನೋ. ಆದರೆ ಓಂಪ್ರಕಾಶ ಒಳ್ಳೆಯ ಮನುಷ್ಯ, ಮತ್ತು ಒಳ್ಳೆಯ ಮನುಷ್ಯರು ಸುಮ್ಮನಿರುವುದಿಲ್ಲ. ಗೆಳೆಯನ ಮಾನ ಉಳಿಸಬೇಕೆಂದು ವಿಡಿಯೋದ ಕೆಳಗೆ ಇಂಗ್ಲಿಷಿನಲ್ಲಿ ಹೀಗೆ ಬರೆದ: "ಇವರು ಪಿಶಾಚಿಯಲ್ಲ. ಗೌರವಾನ್ವಿತ ವ್ಯಕ್ತಿ. ಸ್ಯಾನ್ ಡಿಯಾಗೋ ಸ್ಮಶಾನದಲ್ಲಿ ಪೆಟ್ಟಿಗೆಯಿಲ್ಲದೆ, ಕೂತ ಭಂಗಿಯಲ್ಲಿ ಹೂಳಿಸಿಕೊಳ್ಳಲು ಬುಧವಾರ ಅನುಮತಿ ಪಡೆಯುತ್ತಿದ್ದಾರೆ."

ಮಂಗಳವಾರ ಟೂರಿನವರು ಹೊಸ ಜಾಹೀರಾತು ಬಿಟ್ಟರು. ಸ್ಯಾನ್ ಡಿಯಾಗೋ ವಿಶೇಷ ಪ್ರವಾಸ, ದೊರೆ ತನ್ನ ಗೋರಿಯನ್ನು ತಾನೇ ಆರಿಸಿಕೊಳ್ಳುವುದನ್ನು ಕಣ್ಣಾರೆ ನೋಡಿ!

"ನಾನ್ ಒಳ್ಳೇದಕ್ಕೇ ಬರೆದೆ ಸಾರ್," ಎಂದು ಓಂಪ್ರಕಾಶ ಫೋನಿನಲ್ಲಿ ಅಳುದನಿ ತೆಗೆದ.

"ಓಂಪ್ರಕಾಶ, ನಿಮ್ಮ ಒಳ್ಳೇತನಕ್ಕ ಬೆಂಕಿ ಹಚ್ಚಲಿ," ಎಂದ ಗುರುಬಸಪ್ಪ. "ಬುಧವಾರ ಬರ್ರಿ. ಬಂದು ಬಾಯಿ ಮುಚ್ಕೊಂಡು ಕುಂದರ್ರಿ."

ಬುಧವಾರ ಸ್ಮಶಾನದ ಗೇಟಿನ ಹೊರಗೆ ಬಸ್ಸು ನಿಂತಿತ್ತು. ಕರಿ ನಿಲುವಂಗಿ ತೊಟ್ಟವರು, ಮುಖಕ್ಕೆ ಪೌಡರ್ ಬಳಿದವರು ಕಬ್ಬಿಣದ ಬೇಲಿಗೆ ಆತು ನಿಂತಿದ್ದರು. ಗುರುಬಸಪ್ಪನ ಕಾರು ಕಂಡದ್ದೇ ತಡ, "ಕೌಂಟ್! ಕೌಂಟ್!" ಎಂದು ತಮ್ಮ ಪಿಶಾಚಿ ದೊರೆಯನ್ನು ಕೂಗಿದರು. ಅವನು ಗಾಜು ಇಳಿಸಿ ಬೈದ. ಅವರು ಕೈ ಬೀಸಿದರು.

ಒಳಗೆ ಸಮಿತಿ ಕೂತಿತ್ತು. ಅಧ್ಯಕ್ಷೆ ಮಿಸೆಸ್ ಹಾರ್ಗ್ರೋವ್, ನೆಟ್ಟಗೆ ಕೂತ ತೆಳ್ಳನೆಯ ಮುದುಕಿ. ಆಕೆಯ ಬದುಕೆಲ್ಲ ಆ ಸ್ಮಶಾನದ ಹುಲ್ಲು ನೋಡಿಕೊಳ್ಳುವುದರಲ್ಲೇ ಕಳೆದಿತ್ತು. ಎದುರಿಗೆ ಗುರುಬಸಪ್ಪ, ಓಂಪ್ರಕಾಶ, ಕುರ್ಚಿಯಲ್ಲಿ ಶಿವಬಸವ್ವ, ಅಜ್ಜಿಗೆ ಭಾಷಾಂತರ ಮಾಡಲು ಶ್ರೇಯಾ.

ಮಿಸೆಸ್ ಹಾರ್ಗ್ರೋವ್ ಗಂಟಲು ಸರಿಮಾಡಿಕೊಂಡರು. "ನಿಮ್ಮ ನಂಬಿಕೆಗೆ ನೋವಾಗಬಾರದು. ಆದರೂ ಕೇಳಲೇಬೇಕು. ಪೆಟ್ಟಿಗೆ ಬೇಡ ಎನ್ನುತ್ತೀರಿ. ಮಲಗಿಸುವುದೂ ಬೇಡ. ಕೂತಿರಬೇಕು ಎನ್ನುತ್ತೀರಿ." ಅರ್ಜಿಯ ಹಾಳೆ ತಿರುವಿದರು. "ಅದು ಏಳುವುದಕ್ಕೆ ಅನುಕೂಲವಾಗಲೆಂದೇ?"

ಗುರುಬಸಪ್ಪ ಎದ್ದು ನಿಂತ.

"ಮೇಡಂ, ಎಂಟುನೂರು ವರ್ಷದಿಂದ ಕೂರಿಸಿ ಹೂಳುತ್ತಿದ್ದೇವೆ. ಇವತ್ತಿನವರೆಗೆ ಒಬ್ಬರೂ ಎದ್ದು ಬಂದಿಲ್ಲ!"

"ಒಬ್ರೂ ಬಂದಿಲ್ಲ ಮೇಡಂ," ಎಂದ ಓಂಪ್ರಕಾಶ, ಬಾಯಿ ಮುಚ್ಚಿಕೊಂಡಿರಬೇಕೆಂಬುದನ್ನು ಮರೆತು. "ಬೇಕಿದ್ರೆ ರೆಫರೆನ್ಸ್ ಕೊಡ್ತೀವಿ."

"ಆ ಸರ್ಬಿಯಾದ ಹಳ್ಳಿಯವನೂ ಎದ್ದು ಬಂದಿರಲಿಲ್ಲ," ಗುರುಬಸಪ್ಪನ ದನಿ ಏರಿತು. "ಓದುಬರಹ ಬಲ್ಲ ಅಧಿಕಾರಿಗಳು ನಿಂತು ನೋಡಿದರು, ಬಾಯಿ ಕೆಂಪಗಿದೆ ಎಂದರು, ಗೂಟ ಬಡಿಯಲು ಬಿಟ್ಟರು. ಹೆಣ ಉಬ್ಬುತ್ತದೆ ಮೇಡಂ. ಹೊಟ್ಟೆಯೊಳಗಿನ ಗಾಳಿ ಒತ್ತಿ, ಒಳಗಿನ ದ್ರವವೆಲ್ಲ ಮೇಲಕ್ಕೆ ಬಂದು, ಮೂಗಿನಿಂದ, ಬಾಯಿಂದ..."

ಸಮಿತಿಯ ಸದಸ್ಯರೊಬ್ಬರು ಕೈಯಲ್ಲಿದ್ದ ಡೋನಟ್ಟನ್ನು ಮೆಲ್ಲಗೆ ಕೆಳಗಿಟ್ಟರು.

"ಅಪ್ಪಾ, ಪ್ಲೀಸ್," ಎಂದಳು ಶ್ರೇಯಾ.

"ನಿಲ್ಲಸಂಗಿಲ್ಲ! ಸತ್ತಾಂವ ಏನಂತ ಉತ್ತರಾ ಕೊಡ್ತಾನ? ಅಂವಾ ಸುಮ್ಮನದಾನ ಅಂತ ಎಲ್ಲಾರೂ ಬಾಯಿಗೆ ಬಂದದ್ದು ಹೇಳ್ತಾರ. ಟಿಕೆಟ್ ಹಚ್ಚಿ ತೋರಸ್ತಾರ!" ಸಿಟ್ಟಿನಲ್ಲಿ ಇಂಗ್ಲಿಷ್ ಯಾವಾಗ ಕೈಬಿಟ್ಟಿತೋ ಅವನಿಗೇ ತಿಳಿಯಲಿಲ್ಲ. ಸಮಿತಿಯವರು ಅರ್ಥವಾಗದೆ, ಆದರೆ ಹೆದರಿ, ಕುರ್ಚಿಗಳನ್ನು ತುಸು ಹಿಂದಕ್ಕೆ ಎಳೆದುಕೊಂಡರು.

ಶಿವಬಸವ್ವ ಮೊಮ್ಮಗಳ ಕೈ ಜಗ್ಗಿದಳು. "ಏನ್ ಕೇಳಾಕತ್ಯಾಳವ್ವ ಅಕಿ?"

ಶ್ರೇಯಾ ತನ್ನ ಮುರುಕು ಕನ್ನಡ ಜೋಡಿಸಿದಳು. "ಅಜ್ಜಿ, ನೀನು ಸತ್ತಾದ್ಮೇಲೆ ಎದ್ದು ಬರ್ತೀಯಾ ಅಂತ ಕೇಳ್ತಾ ಇದಾರೆ."

"ಬದುಕಿದ್ದಾಗ ಎರಡು ಮಂದಿ ಹಿಡದ್ರೂ ಏಳಾಕ ಆಗವಲ್ದು," ಎಂದಳು ಶಿವಬಸವ್ವ ಕೆಂಡವಾಗಿ. "ಸತ್ತ ಮ್ಯಾಲೆ ಏಳ್ತೀನಂತ! ಈ ಮೊಣಕಾಲು ಇಟ್ಕೊಂಡು! ಕೇಳು ಅಕಿನ್ನ, ಅಕಿ ಮೊಣಕಾಲು ಹ್ಯಾಂಗದಾವಂತ?"

ಶ್ರೇಯಾ ಇದನ್ನು ಇಂಗ್ಲಿಷಿಗೆ ತಿರುಗಿಸಿದಳು. ಮಿಸೆಸ್ ಹಾರ್ಗ್ರೋವ್ ಮೇಜಿನ ಕೆಳಗೆ ತಮ್ಮ ಮೊಣಕಾಲನ್ನು ಒಮ್ಮೆ ಮುಟ್ಟಿಕೊಂಡರು. ಆದರೆ ಅವರು ಅಷ್ಟಕ್ಕೇ ಕರಗುವವರಲ್ಲ. ಗೇಟಿನ ಹೊರಗಿದ್ದ ಬಸ್ಸಿನ ಕಡೆ ನೋಡಿ, "ನನಗೆ ಭಯ ನಿಮ್ಮ ಸತ್ತವರದ್ದಲ್ಲ. ಅವರನ್ನು ನೋಡಲು ಬರುವ ಬದುಕಿರುವವರದ್ದು. ಇಲ್ಲ ಎಂದೇ ಹೇಳಬೇಕೆಂದಿದ್ದೇನೆ," ಎಂದರು. ಆಮೇಲೆ, ಬಂದವರನ್ನು ಹಾಗೆಯೇ ಕಳಿಸಲು ಮನಸ್ಸಾಗದೆ, "ಕೇಳಿದ ಜಾಗವನ್ನಾದರೂ ನೋಡಿ ಹೋಗೋಣ," ಎಂದು ಎದ್ದರು.

ಜಾಗ ಬೇಲಿಯ ಪಕ್ಕದಲ್ಲೇ ಇತ್ತು. ಹಸಿರು ಹುಲ್ಲು, ಎರಡು ಓಕ್ ಮರ. ಶಿವಬಸವ್ವ ಸುತ್ತ ಒಮ್ಮೆ ನೋಡಿದಳು. ಯಾರೂ ತಡೆಯುವ ಮೊದಲೇ ಮಗನ ಭುಜ ಹಿಡಿದು ಹುಲ್ಲಿನ ಮೇಲೆ ಕುಸಿದು, ಒಂದೊಂದೇ ಕಾಲನ್ನು ಕೈಯಿಂದ ಎಳೆದು ಮಡಚಿ, ಪದ್ಮಾಸನ ಹಾಕಿ ಕೂತುಬಿಟ್ಟಳು. ಅಂಗೈಯನ್ನು ಎದೆಯ ಮುಂದೆ ಹಿಡಿದು ಕಣ್ಣು ಮುಚ್ಚಿದಳು.

"ಅವ್ವ, ಏನ್ ಮಾಡಾಕತ್ತೀ?"

"ಇಳುಕಲು ಐತೇನು ನೋಡಾಕತ್ತೀನಿ. ಕಾಯಂ ಕುಂದರಾಂವ್ರು ನೋಡಬ್ಯಾಡೇನು?" ಒಂದು ಕೈಯಿಂದ ಹುಲ್ಲು ಒತ್ತಿ ನೋಡಿ, "ಅಡ್ಡಿ ಇಲ್ಲ," ಎಂದಳು. ಆ ಮಾತು ಮಾತ್ರ ಮೆತ್ತಗಿತ್ತು. "ಚಲೋ ಐತಿ ಬಸ್ಯಾ. ಎಬ್ಬಸು ನನ್ನ."

ಗುರುಬಸಪ್ಪ ಒಂದು ತೋಳು ಹಿಡಿದ, ಓಂಪ್ರಕಾಶ ಇನ್ನೊಂದು. ಬೇಲಿಯ ಆಚೆ ನಿಂತವರಿಗೆ ಕಂಡದ್ದು ಇಷ್ಟೇ: ಗೋರಿಗಳ ನಡುವೆ, ಹಣೆಯ ತುಂಬ ಬೂದಿ ಬಳಿದ, ಬೆಳ್ಳಿ ಕೂದಲಿನ ಮುದುಕಿಯೊಬ್ಬಳು ನರಳುತ್ತ ನೆಲದಿಂದ ಮೆಲ್ಲಮೆಲ್ಲಗೆ ಮೇಲೇಳುತ್ತಿದ್ದಾಳೆ. ಮೊದಲು ಒಂದು ಕಿರುಚಾಟ. ಆಮೇಲೆ ಚಪ್ಪಾಳೆ, ಸಿಳ್ಳೆ, ಕ್ಯಾಮೆರಾಗಳು. ಗೈಡ್ ಟೋಪಿ ತೆಗೆದು ನಮಸ್ಕರಿಸಿದ.

"ಏನ್ ಚಪ್ಪಾಳಿ ಬಡೀತೀರೋ ಮೂಳಗಳಿರಾ!" ಶಿವಬಸವ್ವ ಅರ್ಧ ಎದ್ದ ಭಂಗಿಯಲ್ಲೇ ಗುಡುಗಿದಳು. "ನಾ ಇನ್ನೂ ಸತ್ತಿಲ್ಲ!"

ಶ್ರೇಯಾಳಿಗೂ ಮೊದಲ ಸಲ ಮೈಯುರಿದಿತ್ತು. ಅವಳು ಬೇಲಿಯ ಕಡೆ ತಿರುಗಿ, ಅಜ್ಜಿಯ ಮಾತನ್ನು ಅಕ್ಷರಕ್ಕೆ ಅಕ್ಷರ ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ತಾನು ಸತ್ತಿಲ್ಲವೆಂದು ಗೋರಿಯ ಜಾಗದಿಂದ ಎದ್ದವಳೇ ಹೇಳುತ್ತಿದ್ದಾಳೆಂದ ಮೇಲೆ ಕೇಳಬೇಕೆ? ಚಪ್ಪಾಳೆ ಎರಡರಷ್ಟಾಯಿತು. ಯಾರೋ ಹೂವು ಎಸೆದರು.

ಗುರುಬಸಪ್ಪ ತಾಯಿಯ ತೋಳು ಬಿಟ್ಟು ಬೇಲಿಯ ಕಡೆ ನುಗ್ಗಿದ. ಒಳ್ಳೆಯವನಾದ ಓಂಪ್ರಕಾಶನೂ ತೋಳು ಬಿಟ್ಟು ಅವನನ್ನು ತಡೆಯಲು ಓಡಿದ. ಶಿವಬಸವ್ವ ಧೊಪ್ಪನೆ ಮತ್ತೆ ಹುಲ್ಲಿನ ಮೇಲೆ ಕೂತಳು. ಆದರೆ ಇಬ್ಬರೂ ಮುಟ್ಟುವ ಮೊದಲೇ ಬೇಲಿಯ ಹತ್ತಿರ ಇನ್ನೊಬ್ಬರು ತಲುಪಿಯಾಗಿತ್ತು. ಮಿಸೆಸ್ ಹಾರ್ಗ್ರೋವ್! ಮುಖ ಕೆಂಪೇರಿತ್ತು, ತೆಳ್ಳನೆಯ ಕುತ್ತಿಗೆಯ ನರಗಳು ಎದ್ದಿದ್ದವು.

"ಇದು ಸ್ಮಶಾನ!" ಆಕೆ ಕೂಗಿದ ರಭಸಕ್ಕೆ ಓಕ್ ಮರದ ಹಕ್ಕಿಗಳು ಹಾರಿದವು. "ನನ್ನ ಗಂಡ ಇಲ್ಲಿದ್ದಾನೆ. ನನ್ನ ಅಪ್ಪ ಅಮ್ಮ ಇಲ್ಲಿದ್ದಾರೆ. ಇವತ್ತಿನವರೆಗೆ ಇಲ್ಲಿ ಒಬ್ಬರೂ ಚಪ್ಪಾಳೆ ತಟ್ಟಿಲ್ಲ! ಬಸ್ಸು ತೆಗೆಯಿರಿ! ಈಗಲೇ!"

ಹೀಗೆ ಬೈಯುವವರನ್ನು ಗೈಡ್ ಕೂಡ ಹಿಂದೆ ಕಂಡಿರಲಿಲ್ಲ. ಕರಿ ನಿಲುವಂಗಿಯವರು ಒಬ್ಬರನ್ನೊಬ್ಬರು ತಳ್ಳಿಕೊಂಡು ಬಸ್ಸು ಹತ್ತಿದರು. ಪೌಡರ್ ಮುಖದವನೊಬ್ಬ ಕ್ಷಮೆ ಕೇಳಿದ್ದೂ ಕೇಳಿಸಿತು.

ಗುರುಬಸಪ್ಪ ಬಾಯಿ ತೆರೆದು ಹಾಗೆಯೇ ನಿಂತಿದ್ದ. ತಾನು ಬೈಯಬೇಕೆಂದು ಇಟ್ಟುಕೊಂಡಿದ್ದನ್ನೆಲ್ಲ ಬೇರೊಬ್ಬರು ಬೈದುಬಿಟ್ಟಿದ್ದು ಅವನ ಜೀವನದಲ್ಲಿ ಅದೇ ಮೊದಲು. ಮಿಸೆಸ್ ಹಾರ್ಗ್ರೋವ್ ಅವನ ಕಡೆ ತಿರುಗಿದಾಗಲೂ ಅವರ ಸಿಟ್ಟು ಇಳಿದಿರಲಿಲ್ಲ.

"ಆ ಮೂಢರಿಗಾಗಿ ನಾನು ಇಲ್ಲ ಎನ್ನಬೇಕೇ?" ಎಂದು ಅವನನ್ನೇ ಗದರಿಸಿದರು. "ಗೇಟಿಗೆ ಕಾವಲು ಹಾಕಿಸುತ್ತೇನೆ. ಹೇಳಿ, ನಿಮ್ಮವರಲ್ಲಿ ಒಟ್ಟು ಎಷ್ಟು ಜನಕ್ಕೆ ಜಾಗ ಬೇಕು?"

ಎರಡು ಮನೆ ಓಂಪ್ರಕಾಶನ ಕಡೆಯವರು, ಲಾಂಗ್ ಬೀಚಿನ ಬಸವಲಿಂಗಪ್ಪನವರು, ಅವರ ಮನೆಯವರು ಎಂದು ಗುರುಬಸಪ್ಪ ಬೆರಳು ಮಡಚಿ ಲೆಕ್ಕ ಹಾಕತೊಡಗಿದ. ಓಂಪ್ರಕಾಶ ನಡುವೆ ಬಾಯಿ ಹಾಕಿ ಲೆಕ್ಕ ತಪ್ಪಿಸಿದ. ಮತ್ತೆ ಮೊದಲಿಂದ ಶುರುವಾಯಿತು. ಸಮಿತಿಯವರೂ ಸೇರಿಕೊಂಡರು.

ಅವರೆಲ್ಲರ ಕಾಲಬುಡದಿಂದ ಒಂದು ದನಿ ಎದ್ದಿತು.

"ಆಮ್ಯಾಲೆ ಎಣಿಸ್ರೋ ನಿಮ್ಮ ಮಂದಿನ್ನ. ಮೊದ್ಲು ನನ್ನ ಎಬ್ಬಸ್ರಿ! ನಂದಿನ್ನೂ ಟೈಮ್ ಆಗಿಲ್ಲ!"